ಎರಡನೇ ತೊಟ್ಟಿಗೆ ರೋಗ ತಂದವರು

ಅನುಮಾನಕ್ಕೆ ಮದ್ದಿಲ್ಲ ಅನ್ನುತ್ತಾರೆ. ವನಮಾಲಾಗೆ ಬಂಡೆಪ್ಪನ ಮೇಲೆ ಅನುಮಾನ ಹುಟ್ಟಿ ಒಂದು ವಾರವಾಗಿತ್ತು, ಅಷ್ಟರಲ್ಲೇ ಅದಕ್ಕೆ ಕೋಡೂ ಮೂಡಿತ್ತು.

ಎಂಬತ್ತೊಂಬತ್ತನೇ ಇಸವಿಯ ಮಾತು. ಪರೇಲಿನ ಒಂದು ಪ್ರಯೋಗಾಲಯದಲ್ಲಿ ಎರಡು ಗಾಜಿನ ತೊಟ್ಟಿಗಳು, ಎರಡರಲ್ಲೂ ಕಿರುಬೆರಳಿಗಿಂತ ಚಿಕ್ಕ, ಪಟ್ಟೆ ಪಟ್ಟೆಯ ಜೀಬ್ರಾ ಮೀನುಗಳು. ಮೊದಲನೆಯವಕ್ಕೆ ಕ್ಷಯದ ಜಾತಿಯದೇ ಒಂದು ರೋಗಾಣುವನ್ನು ಚುಚ್ಚಲಾಗಿತ್ತು, ಎರಡನೆಯವು ಆರೋಗ್ಯವಾಗಿರಬೇಕಾದವು. ಎರಡನ್ನೂ ಹೋಲಿಸಿ, ಮೈಯ ಕಾವಲು ಕಣಗಳು ರೋಗಾಣುವನ್ನು ಹೇಗೆ ಎದುರಿಸುತ್ತವೆ ಎಂದು ಬರೆಯುವುದು ವನಮಾಲಾಳ ಕೆಲಸ. ಈಗ ನೋಡಿದರೆ ಎರಡನೇ ತೊಟ್ಟಿಯ ಮೀನುಗಳೂ ಬಡಕಲಾಗಿ ಸಾಯುತ್ತಿದ್ದವು. ಮೂರು ತಿಂಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

ತೊಟ್ಟಿ ತೊಳೆಯುವವನು ಬಂಡೆಪ್ಪ. ಗುಲ್ಬರ್ಗಾ ಕಡೆಯವನು, ಧಾರಾವಿಯ ಚಾಳಿನಲ್ಲಿ ವಾಸ, ಇನ್ನೂ ಟೆಂಪರರಿ. ಮೀನು ಎತ್ತುವ ಅವನ ಬಲೆಯೆಂದರೆ ವನಮಾಲಾಗೆ ಮೊದಲಿನಿಂದಲೂ ಅಸಹ್ಯ. ಆ ಮನುಷ್ಯ ಯಾವುದನ್ನು ಎಲ್ಲಿ ಅದ್ದುತ್ತಾನೋ ಯಾರು ಬಲ್ಲರು! ಅದಕ್ಕೇ ಅವಳು ಬಲೆ ಮುಟ್ಟದೆ, ಬೊಗಸೆಯಲ್ಲೇ ಮೀನು ಹಿಡಿದು ಅಳೆಯುತ್ತಿದ್ದಳು. ಮೊದಲನೇ ತೊಟ್ಟಿಯಿಂದ ಎರಡನೆಯದಕ್ಕೆ ಹೋಗುವಾಗ ಕೈಗೆ ಮೂರು ಸಲ ನೀರು ಹಾಕಿಕೊಳ್ಳುತ್ತಿದ್ದಳು. ಸಾಬೂನು ಮೀನಿಗೆ ವಿಷ. ಮೂರು ಸಲ ನೀರು ಬಿದ್ದರೆ ಕೈ ಶುದ್ಧ ಎಂದು ಮೈಸೂರಿನ ಅಜ್ಜಿ ಹೇಳಿಕೊಟ್ಟಿದ್ದಳು. ಬಂಡೆಪ್ಪನ ಚಹಾದ ಲೋಟವನ್ನೂ ಬೇರೆ ಇಡಿಸಿದ್ದಳು, ಕಿಟಕಿಯ ಕಟ್ಟೆಯ ಮೇಲೆ.

ಈ ವಾರವಿಡೀ ಅವನ ಮೇಲೇ ಕಣ್ಣು. ದಿನಾ ಸಂಜೆ ಅದೇನನ್ನೋ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಸೇರಿಸುತ್ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಎರಡನೇ ತೊಟ್ಟಿಯ ಹತ್ತಿರ ಕೂತಿರುತ್ತಾನೆ. ಏನೋ ಅದು ಅಂದರೆ ತಲೆ ತಗ್ಗಿಸುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇನ್ನೇನು ಸಾಕ್ಷಿ ಬೇಕು? ಒಳ್ಳೆಯ ಮೀನು ಕದ್ದು ಅಂಗಡಿಗೆ ಕೊಟ್ಟು, ಬದಲಿಗೆ ರೋಗದ ಮೀನು ಬಿಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಶುಕ್ರವಾರ ಮುಖ್ಯಸ್ಥರಾದ ಶಾಮಣ್ಣನವರಿಗೆ ದೂರು ಬರೆದುಕೊಟ್ಟಳು.

“ನಾಳೆ ಮಧ್ಯಾಹ್ನ ಕಳಿಸಿಬಿಡೋಣಮ್ಮ, ಟೆಂಪರರಿ ತಾನೆ,” ಅಂದರು ಅವರು.

ಶನಿವಾರ ಲೋಕಲ್‌ನಲ್ಲಿ ಜೋತಾಡಿಕೊಂಡು ಬೇಗ ಬಂದವಳು ಬಂಡೆಪ್ಪನನ್ನು ಬಾಗಿಲಲ್ಲೇ ತಡೆದಳು.

“ಚೀಲ ತೆಗಿ.”

ಒಳಗೆ ಮೀನಿರಲಿಲ್ಲ. ಸೊಳ್ಳೆಪರದೆಯ ಬಟ್ಟೆಯಲ್ಲಿ ಕೈಯಾರೆ ಹೊಲಿದ ಪುಟ್ಟ ಬಲೆಯಿತ್ತು, ಇನ್ನೂ ಒದ್ದೆ.

“ಎರಡನೇ ಟಾಕೀದ್ರಿ ಬಾಯಾರ. ದಿನಾ ಮನ್ಯಾಗ ಕುದಿಸಿ ತಂದು, ಮುಂಜಾನೆ ಮೊದಲ ಆ ಟಾಕೀನ ಸ್ವಚ್ಛ ಮಾಡ್ತೀನಿ. ರೋಗದ ಮೀನಿಂದು ಬ್ಯಾರೆ ಐತಿ, ಅದಕ್ಕ ಕೆಂಪು ದಾರ ಕಟ್ಟೀನಿ,” ಅಂದ ಬಂಡೆಪ್ಪ. “ನನ್ನ ಹೇಣ್ತಿ ಭಾಗವ್ವಗ ಟೀಬಿ ಆಗಿತ್ರಿ. ಆಕಿ ಲೋಟಕ್ಕೂ ಹಿಂಗ ದಾರ ಕಟ್ಟಿ, ಕುದಿಸಿ, ಬ್ಯಾರೆ ಇಡ್ತಿದ್ದೆ. ಮಕ್ಕಳಿಗೆ ಬರಲಿಲ್ಲ ನೋಡ್ರಿ.”

“ಮತ್ತೆ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ?”

ಅವನು ಹಿಂದುಮುಂದು ನೋಡಿದ. “ಹೇಳಾಕ ಹೋದ್ರ ನಿಮ್ಮ ಕೈ ವಿಚಾರ ಬರ್ತಿತ್ರಿ. ನಾ ಎರಡು ಬಲೆ ಇಟ್ಟೀನಿ. ನೀವು ಒಂದ ಕೈ ಎರಡೂ ಕಡೆ ಹಾಕ್ತೀರಿ. ನಮ್ಮಂಥವ್ರು ಹೆಂಗ್ ಹೇಳೂದ್ರಿ? ಆ ಬೆರಳಿನ ಗಂಟು ಇನ್ನೂ ಕರಗಿಲ್ಲೇನ್ರಿ?”

ವನಮಾಲಾ ಥಟ್ಟನೆ ಬೆರಳು ಮುಚ್ಚಿಕೊಂಡಳು. ತಿಂಗಳಿಂದ ಉಂಗುರದ ಬೆರಳಿನಲ್ಲಿ ನೇರಳೆ ಬಣ್ಣದ ಗಂಟು. ಸಾಂತಾಕ್ರೂಜಿನ ಮನೆಯಲ್ಲಿ ಅತ್ತೆ ಅಮ್ಮಣ್ಣಿ ಅರಿಸಿನ ಹಚ್ಚಿದ್ದೇ ಹಚ್ಚಿದ್ದು, ಅದು ಜಗ್ಗಿರಲಿಲ್ಲ.

ರೇಗಿತು, ಅಳುವೂ ಬಂತು. ಒಳಗೆ ಹೋಗಿ ಗಂಟನ್ನು ಕೆರೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಾವಲು ಕಣಗಳು ನೀಲಿಯಾಗಿ ಗುಂಪುಗಟ್ಟಿದ್ದವು. ಅವುಗಳ ಹೊಟ್ಟೆಯೊಳಗೆ, ನುಂಗಿಸಿಕೊಂಡೂ ಸಾಯದೆ, ಕೆಂಪು ಕಡ್ಡಿಗಳಂಥ ರೋಗಾಣುಗಳು. ಮೀನಿನಲ್ಲಿ ಕಂಡದ್ದೇ ಇಲ್ಲೂ. ಹಿಡಿಯಬೇಕಾದ ಕಾವಲುಗಾರನೇ ಕಳ್ಳನಿಗೆ ಮನೆ ಕೊಟ್ಟು, ಹೊತ್ತುಕೊಂಡು ತಿರುಗಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಯ್ಯೋ ಶಿವನೇ, ಮೂರು ಸಲ ನೀರು ಹಾಕಿದ ಕೈ!

ಹನ್ನೆರಡಕ್ಕೆ ಶಾಮಣ್ಣನವರು ಕೆಲಸದಿಂದ ತೆಗೆಯುವ ಚೀಟಿ ಹಿಡಿದು ಬಂದರು. “ಎಲ್ಲಮ್ಮ ಅವನು?”

“ಅವನಲ್ಲ ಸಾರ್, ರೋಗ ತಂದದ್ದು ನಾನು.” ವನಮಾಲಾ ಬೆರಳು ಚಾಚಿದಳು. “ದೂರಿನಲ್ಲಿ ಹೆಸರು ತಿದ್ದಿಕೊಡ್ತೀನಿ.”

ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಬೆರಳು ನೋಡಿದರು, ಚೀಟಿ ಹರಿದರು. ಬಂಡೆಪ್ಪನ ಕೆಲಸ ಉಳಿಯಿತು. ಅವಳದು ಮತ್ತೆ ಮೊದಲಿನಿಂದ.

ಸಂಜೆ ಬಂಡೆಪ್ಪ ಚಹಾ ತಂದ. ಕಿಟಕಿಯ ಕಟ್ಟೆಯ ಮೇಲೆ, ತನ್ನ ಲೋಟದ ಪಕ್ಕದಲ್ಲಿ, ಅವಳ ಲೋಟ ಇಟ್ಟ. ಅದರ ಸುತ್ತ ಕೆಂಪು ದಾರ ಕಟ್ಟಿತ್ತು.

“ಸಿಟ್ಟಾಗಬ್ಯಾಡ್ರಿ ಬಾಯಾರ. ಮನ್ಯಾಗ ಸಣ್ಣ ಮಕ್ಕಳದಾವು.”

ಮೀನಿನ ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿದ್ದ ಅವನ ಲೋಟ ಕಣ್ಣಿಗೆ ಬಿತ್ತು. ಚಹಾ ಕುಡಿದು, ಲೋಟವನ್ನು ತಾನೇ ತೊಳೆದು, ಅದೇ ಕಟ್ಟೆಯ ಮೇಲೆ ಇಟ್ಟಳು.