ಎರಡು ಸಲ ತಟ್ಟಿದರೆ ಹೊರಡು

ಸಹಾಯಕಿ ಬೆಂಚು ಬಿಟ್ಟು ಕುರ್ಚಿಗೆ ಬರಬೇಕು, ಪ್ರತಿ ಸೋಮವಾರ ಅದನ್ನು ಒಂದು ಕಲ್ಲು ಹಿಂದಕ್ಕೆ ಎಳೆಯಬೇಕು. ಹುಡುಗಿಯ ಬೆಂಚಿನಿಂದ ತರಗತಿಯ ಬಾಗಿಲಿಗೆ ಒಂಬತ್ತು ಹಾಸುಗಲ್ಲು, ಒಂಬತ್ತು ವಾರ. ಕೊನೆಯ ವಾರ ಸಹಾಯಕಿ ಬಾಗಿಲಾಚೆ ಇರಬೇಕು, ಹುಡುಗಿ ಒಬ್ಬಳೇ ಬರೆಯುತ್ತಿರಬೇಕು. ಈ ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ಒಂದು ಮಗುವಿನ ಪಕ್ಕ ಎರಡು ವರ್ಷ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವರಂತೂ ಅಲ್ಲ.

ಸಹಾಯಕಿ ಕೂತಿದ್ದಳು. ಶಾಲೆಯ ಕಾಗದಗಳಲ್ಲಿ ಅವಳ ಹುದ್ದೆಗೆ ಮಾರುದ್ದದ ಹೆಸರಿತ್ತು. ಮಕ್ಕಳ ಬಾಯಲ್ಲಿ ಅವಳು ನೆರಳಕ್ಕ. ಅವಳ ಹುಡುಗಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ತಲೆಯಲ್ಲಿ ಎಲ್ಲವೂ ಇದೆ, ಆದರೆ ಪ್ರತಿ ಸಾಲಿನ ಕೊನೆಗೆ ನಿಂತುಬಿಡುತ್ತಾಳೆ. ಪೆನ್ನು ಗಾಳಿಯಲ್ಲಿ, ಕಣ್ಣು ಇನ್ನೆಲ್ಲೋ. ಯಾರಾದರೂ ಹೊರಡಿಸಬೇಕು. ತರಗತಿಯ ತರಲೆಗಳು ಅವಳಿಗೆ 'ನಿಲ್ದಾಣ' ಎಂದು ಹೆಸರಿಟ್ಟಿದ್ದರು. ಹೊರಡಿಸುವ ಉಪಾಯ ಹೇಳಿಕೊಟ್ಟವಳು ಹುಡುಗಿಯ ಅಮ್ಮ. ಅವಳು ಬಸ್ ಕಂಡಕ್ಟರ್.

"ಬಸ್ಸಿಗೆ ಹೇಳೋ ಥರಾನೇ ಮೇಡಂ. ಎರಡು ಸಲ ತಟ್ಟಿದ್ರೆ ಹೊರಡು ಅಂತ. ಚಿಕ್ಕವಳಿದ್ದಾಗಿಂದ ಅವಳಿಗೆ ಇದೊಂದು ಚೆನ್ನಾಗಿ ಅರ್ಥ ಆಗತ್ತೆ."

ಅಂದಿನಿಂದ ನೆರಳಕ್ಕನ ಬೆರಳಗಿಣ್ಣು ಡೆಸ್ಕಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು, ಹುಡುಗಿ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಈಗ ಅದೂ ನಿಲ್ಲಬೇಕು. ಒಂಬತ್ತನೇ ವಾರದ ಶುಕ್ರವಾರ ಹೊರಗಿನಿಂದ ತಜ್ಞೆಯೊಬ್ಬರು ಬಂದು ಒಂದು ಪೀರಿಯಡ್ ನೋಡುತ್ತಾರೆ. ಯಾರ ನೆರವೂ ಇಲ್ಲದೆ ಬರೆದರೆ ಹುಡುಗಿ ಇದೇ ಶಾಲೆಯಲ್ಲಿ ಉಳಿಯುತ್ತಾಳೆ. ಬರೆಯದಿದ್ದರೆ ದೂರದೂರಿನ ವಿಶೇಷ ಶಾಲೆ, ಅಲ್ಲಿಯ ಹಾಸ್ಟೆಲ್ಲು, ಅಮ್ಮನಿಗೆ ವರ್ಷಕ್ಕೆರಡು ಸಲ ಮಗಳ ಮುಖ.

ಎರಡು ಕಲ್ಲಿನ ತನಕ ಕೈ ಚಾಚಿ ತಟ್ಟಬಹುದಿತ್ತು. ಮೂರನೇ ವಾರ ಕೈ ಎಟುಕಲಿಲ್ಲ. ಹುಡುಗಿ ಸಾಲಿನ ಕೊನೆಗೆ ನಿಂತಳು. ನೆರಳಕ್ಕ ತುಟಿ ಕಚ್ಚಿಕೊಂಡು ಎರಡೂ ಕೈಗಳನ್ನು ತೊಡೆಯ ಮೇಲೆ ಬಿಗಿಹಿಡಿದಳು. ಆಗ ಕೇಳಿಸಿತು.

ಟಕ್ ಟಕ್.

ಅವಳು ತನ್ನ ಕೈ ನೋಡಿಕೊಂಡಳು. ಅದು ತೊಡೆಯ ಮೇಲೇ ಇತ್ತು. ಹುಡುಗಿ ಬರೆಯತೊಡಗಿದ್ದಳು. ಫ್ಯಾನಿನ ಸದ್ದಿರಬೇಕು, ಹಳೇ ಫ್ಯಾನು, ಎಂದು ನೆರಳಕ್ಕ ಸಮಾಧಾನ ಹೇಳಿಕೊಂಡಳು. ಫ್ಯಾನು ಕೆಟ್ಟು ತಿಂಗಳಾಗಿದೆಯೆಂದು ಆಮೇಲೆ ನೆನಪಾಯಿತು.

ಐದನೇ ವಾರ ತರಗತಿಯ ವಾಚಾಳಿಯೊಬ್ಬಳು ಖಾಲಿ ಜಾಗ ಕಂಡು ಬೆಂಚಿನ ಎಡಗಡೆ ದೊಪ್ಪೆಂದು ಕೂತಳು. ಕೂತವಳೇ ಚಂಗನೆ ಎದ್ದಳು.

"ಅಯ್ಯಪ್ಪಾ! ಬೆಂಚು ಬೆಚ್ಚಗಿದೆ ಅಕ್ಕಾ. ಈಗಷ್ಟೇ ಯಾರೋ ಎದ್ದು ಹೋದಂಗೆ."

"ಬಿಸಿಲು ಬಿದ್ದಿರತ್ತೆ, ಹೋಗಮ್ಮಾ," ಎಂದಳು ನೆರಳಕ್ಕ. ಆ ಕಡೆ ಕಿಟಕಿಯೇ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಮೈದಾನಕ್ಕೆ ಓಡಿದರೂ ಹುಡುಗಿ ಕದಲಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ಮೊದಲು ಎಡಗಡೆಗೆ ಸರಿಸಿದಳು. ಸ್ವಲ್ಪ ಹೊತ್ತು ಕಾದು ತಾನು ಕುಡಿದಳು. ನೆರಳಕ್ಕ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ಯಾರಿಗೆ ಮರೀ ಅದು?"

"ನಿಮಗೆ."

"ನಾನು ಇಲ್ಲಿದ್ದೀನಲ್ಲ, ಹಿಂದೆ."

ಹುಡುಗಿ ತಿರುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುರುತು ಹಿಡಿಯಲು ಕಷ್ಟಪಡುವವರ ನೋಟ.

"ಹಿಂದೆ ಹೋದೋರು ಬೇರೆ. ಇವರು ಎಲ್ಲಿಗೂ ಹೋಗಲ್ಲ ಅಂತ ಮಾತು ಕೊಟ್ಟಿದ್ದಾರೆ."

ಮಾತು ಕೊಟ್ಟದ್ದು ನಿಜ. ಮೊದಲ ವರ್ಷ, ಯಾರೋ ಅಣಕಿಸಿದ್ದಕ್ಕೆ ಹುಡುಗಿ ಮೆಟ್ಟಿಲ ಕೆಳಗೆ ಪೊರಕೆಗಳ ನಡುವೆ ಅವಿತುಕೊಂಡ ದಿನ, ನೆರಳಕ್ಕ ಮಂಡಿಯೂರಿ ಅವಳ ಕಿವಿಯಲ್ಲಿ ಹೇಳಿದ್ದಳು, ನಾನು ಎಲ್ಲಿಗೂ ಹೋಗಲ್ಲ, ನಿನ್ನ ಪಕ್ಕದಲ್ಲೇ ಇರ್ತೀನಿ ಎಂದು. ಆಡಿದವಳು ಕಲ್ಲು ಎಣಿಸುತ್ತ ಹಿಂದೆ ಸರಿದಿದ್ದಳು; ಆಡಿದ ಮಾತು ಬೆಂಚಿನ ಮೇಲೇ ಉಳಿದಿತ್ತು.

ನೆರಳಕ್ಕ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಡುಗಿಯ ಜೊತೆ ತನ್ನನ್ನೂ ಹುಚ್ಚಿ ಎನ್ನುತ್ತಾರೆ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಇವರೆಲ್ಲ ಎಷ್ಟು ಎಳೆದರೂ ತಾನು ಪೂರ್ತಿ ಹೋಗಿಲ್ಲವಲ್ಲ, ಅಷ್ಟೇ ಸಾಕಿತ್ತು ಅವಳಿಗೆ.

ಆದರೆ ಹುಡುಗಿಯ ಪಕ್ಕದ್ದು ಸುಮ್ಮನಿರಲಿಲ್ಲ. ಏಳನೇ ವಾರ ಹುಡುಗಿ ನಿಲ್ಲುವ ಮೊದಲೇ ತಟ್ಟುತ್ತಿತ್ತು. ಎಂಟನೇ ವಾರ ಪದಪದಕ್ಕೂ. ಅದು ತಟ್ಟದೆ ಹುಡುಗಿ ಪುಟ ತಿರುಗಿಸಳು, ಮೇಷ್ಟ್ರು ಕರೆದರೆ ಓಗೊಡಳು. ಎಡಕ್ಕೆ ಕಿವಿ ವಾಲಿಸಿ ಕಾಯುತ್ತಾಳೆ. ತಜ್ಞೆಯ ಕಣ್ಣಿಗೆ ಇದು ಬಿದ್ದರೆ ಕಥೆ ಮುಗಿದಂತೆ. ಮಗುವನ್ನು ಹಾಸ್ಟೆಲ್ಲಿಗೆ ಕಳಿಸುವುದು ನಾನೇ, ಎಂದು ನೆರಳಕ್ಕನಿಗೆ ಅರ್ಥವಾಯಿತು.

ಒಂಬತ್ತನೇ ವಾರದ ಗುರುವಾರ ಕೊನೆಯ ಗಂಟೆ ಹೊಡೆದು ತರಗತಿ ಖಾಲಿಯಾದ ಮೇಲೆ ಅವಳು ಹೋಗಿ ಬೆಂಚಿನ ಬಲಗಡೆ, ಹುಡುಗಿಯ ಜಾಗದಲ್ಲಿ ಕೂತಳು. ಎಡಗಡೆಯಿಂದ ಕಾವು ಬರುತ್ತಿತ್ತು. ಅವಳದೇ ಸೋಪಿನ ವಾಸನೆ. ತಿರುಗಿ ನೋಡುವ ಧೈರ್ಯವಾಗದೆ ಕರಿಹಲಗೆಗೆ ಹೇಳಿದಳು.

"ಎದ್ದೇಳೇ. ಸಾಕು. ಅವಳ ಮೇಲಿನ ಪ್ರೀತಿಗೆ ಕೂತಿದ್ದೀಯ ಅಂತ ಗೊತ್ತು ನಂಗೆ. ಆ ಪ್ರೀತಿ ನಂದೇ ಅಲ್ವಾ? ಆದ್ರೆ ನೀನಿಲ್ಲಿದ್ರೆ ಆ ಮಗು ಇಲ್ಲಿ ಇರಲ್ಲ ಕಣೇ. ಮಾತು ಕೊಟ್ಟೋಳು ನಾನು. ನಾನೇ ವಾಪಸ್ ತಗೋತಿದೀನಿ."

ಆಮೇಲೆ ಡೆಸ್ಕಿನ ಮೇಲೆ ಒಂದೇ ಒಂದು ಸಲ, ಮೆಲ್ಲಗೆ, ಟಕ್. ಬಸ್ಸಿನ ಭಾಷೆಯಲ್ಲಿ ಒಂದು ಸಲ ತಟ್ಟಿದರೆ ನಿಲ್ಲಿಸು ಎಂದರ್ಥ. ನೆರಳಕ್ಕ ಮುಖ ಮುಚ್ಚಿಕೊಂಡು ಅತ್ತಳು.

ಶುಕ್ರವಾರ ತಜ್ಞೆ ಮೂಲೆಯಲ್ಲಿ ಹಾಳೆ ಹಿಡಿದು ಕೂತರು. ಕಂಡಕ್ಟರ್ ಅಮ್ಮ ಡ್ಯೂಟಿಯ ಸಮವಸ್ತ್ರದಲ್ಲೇ ಹಿಂದಿನ ಬೆಂಚಿನಲ್ಲಿದ್ದಳು. ನೆರಳಕ್ಕ ಬಾಗಿಲಾಚೆ. ಹುಡುಗಿ ಮೊದಲ ಸಾಲು ಬರೆದಳು, ನಿಂತಳು. ಎಡಕ್ಕೆ ಕಿವಿ ವಾಲಿಸಿದಳು.

ಸದ್ದಿಲ್ಲ.

ಒಂದು ನಿಮಿಷ. ಎರಡು. ತಜ್ಞೆ ಏನೋ ಗುರುತು ಹಾಕಿಕೊಂಡರು. ಅಮ್ಮನ ಕೈ ತಾನೇ ತಾನಾಗಿ ಡೆಸ್ಕಿನ ಮೇಲೆ ಎದ್ದಿತು. ನೆರಳಕ್ಕ ಬಾಗಿಲಿನಿಂದಲೇ ಬೇಡವೆಂದು ತಲೆಯಾಡಿಸಿದಳು. ಅವಳ ಬೆರಳಗಿಣ್ಣು ತುಡಿಯುತ್ತಿತ್ತು. ಬಾಗಿಲ ಚೌಕಟ್ಟು ಒಂದು ಗೇಣು ದೂರ. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ಹುಡುಗಿ ಎಡಗಡೆಯ ಬೆಂಚಿನ ಮೇಲೆ ಅಂಗೈ ಇಟ್ಟಳು.

"ತಣ್ಣಗಿದೆ," ಎಂದಳು, ಇಡೀ ತರಗತಿಗೆ ಕೇಳುವಂತೆ.

ಅಲ್ಲೇ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡಿದ್ದಳು. ಆಮೇಲೆ ಕೈ ಮೇಲೆತ್ತಿ, ಗಿಣ್ಣು ಮಡಚಿ, ಡೆಸ್ಕಿನ ಮೇಲೆ ತಾನೇ ಎರಡು ಸಲ ತಟ್ಟಿಕೊಂಡಳು. ಎರಡನೇ ಸಾಲು ಬರೆದಳು. ತಟ್ಟಿಕೊಂಡಳು. ಮೂರನೆಯದು ಬರೆದಳು. ಪೀರಿಯಡ್ ಮುಗಿಯುವವರೆಗೆ ಬಾಗಿಲ ಕಡೆ ತಿರುಗಲಿಲ್ಲ.

ತಜ್ಞೆ ಸಹಿ ಹಾಕಿದರು. ಕಂಡಕ್ಟರ್ ಅಮ್ಮ ನೆರಳಕ್ಕನ ಎರಡೂ ಕೈ ಹಿಡಿದು ಏನೇನೋ ಹೇಳಿ ಡ್ಯೂಟಿಗೆ ಓಡಿದಳು.

ಇಲ್ಲಿಯ ಕೆಲಸ ಮುಗಿದಿತ್ತು. ನೆರಳಕ್ಕ ಚೀಲ ತೆಗೆದುಕೊಂಡು ಗೇಟಿನವರೆಗೆ ಬಂದು ನಿಂತಳು. ಹುಡುಗಿ ಗೆದ್ದಿದ್ದಳು, ಅಳುವುದಕ್ಕೆ ಕಾರಣವೇನೂ ಇರಲಿಲ್ಲ. ಆದರೂ ಕಾಲು ಏಳಲಿಲ್ಲ. ಎದುರಿಗೆ ಬೀದಿ ಇತ್ತು, ಜನ ಇದ್ದರು, ಅವಳ ಕಣ್ಣು ಇನ್ನೆಲ್ಲೋ ನೆಟ್ಟಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ.

ಎಡಗಡೆಯಿಂದ ಕಾವು ತಾಗಿತು. ಗೇಟಿನ ಕಬ್ಬಿಣದ ಮೇಲೆ, ಅವಳ ಮೊಣಕೈ ಪಕ್ಕದಲ್ಲೇ, ಟಕ್ ಟಕ್.

ಅವಳು ತಿರುಗಿ ನೋಡಲಿಲ್ಲ. ಹೊರಟಳು.