ಐನೋರ ಪಾದ

ನಾನು ರಾವೂರದ ಐನೋರು, ಗುರುಲಿಂಗಯ್ಯ. ಭಕ್ತರ ಮನ್ಯಾಗ ಮಣೆ ಮ್ಯಾಲ ಕುಂದ್ರತೀನಿ, ಅವ್ರು ನನ್ನ ಪಾದ ತೊಳದು ಆ ನೀರು ತೀರ್ಥ ಅಂತ ತಗೋತಾರ. ಮೂರು ವರ್ಷದಿಂದ ಆ ಪಾದದಾಗ ಸಾಬೂದಾಣಿಯಂಥ ನೀರಗುಳ್ಳಿ ಏಳಾಕತ್ತಾವ. ತುರಿಸಿದ್ರ ಒಡೀತಾವ, ಒಣಗ್ತಾವ, ತಿಂಗಳಿಗಿ ಮತ್ತ ಹಾಜರ್.

ಶಹಾಬಾದದ ಚರ್ಮದ ಡಾಕ್ಟರ್ ಮುಲಾಮು ಬರಕೊಟ್ಟು, "ಇದು ಅಂಟೂ ರೋಗ ಅಲ್ರಿ. ಆದ್ರ ಪೂರಾ ಹೋಗ್ತದಂತ ಹೇಳಾಕ ಆಗಲ್ಲ. ಕಾಲು ಪದೇ ಪದೇ ತೊಯ್ಸಬ್ಯಾಡ್ರಿ," ಅಂದ್ರು. ಕಾಲು ತೊಯ್ಸೂದೇ ನನ್ನ ಕಾಯಕ ಅಂತ ಅವರಿಗಿ ಹ್ಯಾಂಗ ಹೇಳ್ಲಿ.

ಶ್ರಾವಣದಾಗ ಕಲ್ಯಾಣಪ್ಪನ ಮನಿಗಿ ಹೋದೆ. ಆತನ ಹೆಂಡತಿ ಚಂದಮ್ಮ ನನ್ನ ಕಾಲು ತಾಟಿನಾಗ ಇಡಿಸಿ, ಗುಳ್ಳಿ ನೋಡಿ, ಚಂಬು ಹಿಡದ ಕೈ ಹಂಗೇ ನಿಲ್ಲಿಸಿದ್ಳು.

"ಅಂಟಂಗಿಲ್ಲವ್ವ, ಡಾಕ್ಟರೇ ಹೇಳ್ಯಾರ," ಅಂದೆ.

"ಇರ್ಲಿ ಬಿಡ್ರಿ ಐನೋರೆ," ಅಂತ ಪೂಜಿ ಮುಗಿಸಿದ್ಳು. ನೀರು ಮಾತ್ರ ಯಾರೂ ಬಾಯಿಗಿ ಹಚ್ಚಲಿಲ್ಲ. ನಾ ಹೊರಗ ಚಪ್ಪಲಿ ಮೆಟ್ಟೂವಾಗ ಆಕಿ ಅದನ್ನ ಬೇವಿನ ಗಿಡದ ಬುಡಕ್ಕ ಚೆಲ್ಲಿದ್ಳು.

ಆಮ್ಯಾಲ ಯಾರೂ ಪಾದಪೂಜಿಗಿ ಕರೀಲಿಲ್ಲ. ನೀರು ತಾಕದಿದ್ರ ಗುಳ್ಳಿಯಾದ್ರೂ ಹೋಗ್ತಾವ ಅಂದ್ಕೊಂಡೆ. ದರಿದ್ರವು, ಹೋಗಲಿಲ್ಲ.

ನಿನ್ನಿ ಕಲ್ಯಾಣಪ್ಪ ತಾನೇ ಬಂದು ಕರದ. ಅವನ ಅವ್ವ ತೀರ್ಕೊಂಡಿದ್ಳು. ಮಣ್ಣಿಗಿ ಒಯ್ಯೂ ಮುಂಚೆ ಸತ್ತವರ ತಲಿ ಮ್ಯಾಲ ಐನೋರು ಪಾದ ಇಡೂದು ನಮ್ಮ ಪದ್ಧತಿ. ಗ್ವಾಡಿಗಿ ಆನಿಸಿ ಕುಂದ್ರಿಸಿದ್ದ ಮುದುಕಿ ಹತ್ರ ಹೋಗಿ, ಒಡದ ಗುಳ್ಳಿಯ ಪಾದ ಎತ್ತಿದೆ.

ಸುತ್ತ ನಿಂತವರೆಲ್ಲ ಒಂದೊಂದು ಹೆಜ್ಜಿ ಹಿಂದ ಸರದ್ರು. ಮುದುಕಿ ಒಬ್ಬಾಕಿ ಸರೀಲಿಲ್ಲ.