ಮೂಕಿ ಚಿಗುರಿದ ಬಂಡಿ

ನಾನು ಒಂದು ಬಂಡಿ. ಉತ್ತರದ ತಣ್ಣನೆಯ ಸಮುದ್ರದ ದಂಡೆಯಲ್ಲಿ, ಒಂದು ಮುದಿ ಓಕ್ ಮರದ ಮೈಯಿಂದ ಹುಟ್ಟಿದೆ. ನನ್ನನ್ನು ಕಡೆದವನು ಒಬ್ಬ ಜೀತದ ಬಡಗಿ. ಕಡೆಯ ಕಡಾಣಿ ಬಡಿದ ದಿನವೇ ಅವನಿಗೆ ಹೇಳಿದರು: "ಸಾಕು, ಇನ್ನು ಇದನ್ನ ಮುಟ್ಟಬೇಡ." ಹೆತ್ತವನ ಕೈಯೇ ಮೈಲಿಗೆಯಾಯಿತು!

ಅಂದಿನಿಂದ ನಾನು ದೇವಿ ನೆರ್ಥುಸಳ ಬಂಡಿ. ಆ ಸೀಮೆಯಲ್ಲಿ ದೇವಿಯರಿಗೆ ಬೇರೆ ಗುಡಿ ಬೇಕಿರಲಿಲ್ಲ. ಬೆಟ್ಟದ ಹಿಮ ಸ್ಕಾಡಿಯ ಅಂಗಳ, ಮಾಗಿದ ತೆನೆ ಸಿಫ್‌ಳ ಹೊಂಗೂದಲು. ಇವೆಲ್ಲದರ ಅಡಿಯಲ್ಲಿ ಸುಮ್ಮನೆ ಮಲಗಿರುವ ನೆಲವೇ ನೆರ್ಥುಸ್.

ವಸಂತ ಬಂತೆಂದರೆ ಪೂಜಾರಿ ಅಸ್ಮುಂಡ್ ನನಗೆ ಬಟ್ಟೆ ಹೊದಿಸಿ, ಎರಡು ಹಸು ಹೂಡಿಸಿ, "ತಾಯಿ ಹತ್ತಿದಳು" ಎಂದು ಕೂಗುತ್ತಿದ್ದ. ಆ ಕೂಗು ಕೇಳಿದ್ದೇ ತಡ, ಊರೂರಿನಲ್ಲಿ ಕಬ್ಬಿಣವೆಲ್ಲ ಪೆಟ್ಟಿಗೆ ಸೇರುತ್ತಿತ್ತು. ಕತ್ತಿ, ಕೊಡಲಿ, ಕೊನೆಗೆ ಅಡುಗೆಮನೆಯ ಚಾಕು ಕೂಡ. ತಾಯಿ ಬಂಡಿಯಲ್ಲಿರುವಷ್ಟು ದಿನ ಯಾರೂ ಯಾರ ಜೀವವನ್ನೂ ತೆಗೆಯುವಂತಿಲ್ಲ. ಎಂಥ ಚೆಂದದ ದಿನಗಳು! ಹಳೆಯ ವೈರಿಗಳು ಒಂದೇ ಬಟ್ಟಲಿನಲ್ಲಿ ಕುಡಿಯುವುದನ್ನು ನಾನು ಕಂಡಿದ್ದೇನೆ.

ಆದರೆ ಕೊನೆ ಚೆಂದವಿರಲಿಲ್ಲ. ಸುತ್ತಾಟ ಮುಗಿದ ಮೇಲೆ ನನ್ನನ್ನು ಕಾಡಿನ ಕೊಳಕ್ಕೆ ತಂದು, "ತಾಯಿ ಇಳಿದಳು" ಎಂದು ಪೂಜಾರಿ ಸಾರುತ್ತಿದ್ದ. ಇಬ್ಬರು ಜೀತದ ಹೆಣ್ಣುಮಕ್ಕಳು ನನ್ನ ಮೈ ತೊಳೆಯುತ್ತಿದ್ದರು. ತೊಳೆದಾದ ಮೇಲೆ ಅವರನ್ನು ಅದೇ ನೀರಿನಲ್ಲಿ ಮುಳುಗಿಸುತ್ತಿದ್ದರು. ದೇವಿಯ ಗುಟ್ಟು ಕಂಡವರು ಬದುಕಬಾರದಂತೆ. ನನ್ನ ಬಟ್ಟೆಯೊಳಗಿದ್ದದ್ದು ಒಂದು ಹಿಡಿ ಮಣ್ಣು, ಅಷ್ಟೇ. ಆ ಮಣ್ಣು ನನ್ನೊಡನೆ ಒಂದು ದಿನವೂ ಜೀವ ಕೇಳಲಿಲ್ಲ. ಕೇಳುತ್ತಿದ್ದುದು ಬೇರೆಯ ಬಾಯಿ.

ಹಸು ಹೂಡಿ ಬಂಡಿ ಹೊಡೆಯುವವಳು ಬೆರಾ. ಅವಳೂ ಜೀತದವಳೇ. ಒಂದು ವರ್ಷ ತೊಳೆಯುವ ಪಾಳಿ ಅವಳ ಮಗಳು ಯೋರುನ್‌ಗೆ ಬಂತು. ಬೆರಾ ಅಳಲಿಲ್ಲ. ಹಸುವಿನ ಮೈ ಉಜ್ಜುತ್ತಾ ನನ್ನನ್ನೇ ದಿಟ್ಟಿಸಿದಳು, ನಾನೇ ಏನಾದರೂ ಮಾಡಬೇಕು ಎಂಬಂತೆ.

ಮೂರನೆಯ ಊರಿನ ಹಳ್ಳದಲ್ಲಿ ನನ್ನ ಮೂಕಿ, ನೊಗ ಕಟ್ಟುವ ಉದ್ದನೆಯ ಮರ, ಲಟಕ್ಕನೆ ಮುರಿಯಿತು. ನೊಗಕ್ಕೂ ನನಗೂ ಸಂಬಂಧ ತಪ್ಪಿತು. ಒಣಗಿದ ಗಟ್ಟಿ ಮರ ಕಡಿಯೋಣವೆಂದರೆ ಕೊಡಲಿಗಳೆಲ್ಲ ಪೆಟ್ಟಿಗೆಯಲ್ಲಿ!

"ಏನಾದ್ರೂ ಮಾಡೇ, ತಾಯಿ ನಡುದಾರೀಲಿ ಕೂತವ್ಳೆ," ಎಂದು ಅಸ್ಮುಂಡ್ ಬೆರಾಳ ಮೇಲೆ ರೇಗಿದ. ಆಗ ಅವನಿಗೆ ಜೀತದ ಕೈಯ ಮೈಲಿಗೆ ನೆನಪಾಗಲಿಲ್ಲ.

ಬೆರಾ ಹಳ್ಳದ ದಡದ ವಿಲೋ ಮರಕ್ಕೆ ಜೋತುಬಿದ್ದು ತೋಳುಗಾತ್ರದ ಹಸಿ ಕೊಂಬೆ ಮುರಿದಳು. ಕಲ್ಲಿನಿಂದ ರೆಂಬೆ ಸವರಿ, ಹಗ್ಗದಿಂದ ನನಗೆ ಬಿಗಿದಳು. ವಿಲೋ ಎಂದರೆ ನಿಮ್ಮ ಹಿತ್ತಿಲ ನುಗ್ಗೆಯ ಹಾಗೆ. ಮುರಿದರೂ ಸಾಯದು, ಊರಿದಲ್ಲಿ ಚಿಗುರುತ್ತದೆ. ಅದು ಅವಳಿಗೆ ಗೊತ್ತಿತ್ತು. ತೊಗಟೆಯನ್ನು ಬೇಕೆಂದೇ ಸುಲಿಯದೆ ಬಿಟ್ಟಳು.

ಉಳಿದ ಊರುಗಳನ್ನು ಸುತ್ತಿ ಕೊಳಕ್ಕೆ ಬರುವಷ್ಟರಲ್ಲಿ ನನ್ನ ಮೂಕಿಯ ತುಂಬ ಎಳೆ ಎಲೆ. ಬೆರಾ ಹಸು ಬಿಚ್ಚಿ, ಮೂಕಿಯ ತುದಿಯನ್ನು ದಡದ ಕೆಸರಿಗೆ ಊರಿದಳು. ಯೋರುನ್ ಮತ್ತು ಅವಳ ಜೊತೆಯವಳು ಕೊಡ ಹಿಡಿದು ನಿಂತಿದ್ದರು. ಊರವರೂ ಮರಗಳಾಚೆ ನೆರೆದಿದ್ದರು.

"ತಾಯಿ ಇಳಿದ..." ಎಂದು ಅಸ್ಮುಂಡ್ ಬಾಯಿ ತೆರೆದ.

"ಎಲ್ಲಿ ಇಳಿದ್ಲು ಒಡೆಯಾ?" ಎಂದಳು ಬೆರಾ. "ಇನ್ನೂ ಬಂಡೀಲೇ ಅವ್ಳೆ. ನೋಡಿ, ಚಿಗುರ್ತಾ ಅವ್ಳೆ."

"ಹಸಿ ಕಟ್ಟಿಗೆ ಚಿಗುರಿದ್ರೆ ಅದು ದೇವಿ ಆಗ್ತದೇನೆ, ಮುದುಕಿ?"

"ಚಿಗುರೋದು ಬಿಟ್ಟು ನೆಲದ ತಾಯಿ ಇನ್ನೇನು ಮಾಡ್ತಾಳೆ, ಒಡೆಯಾ? ನೀವೇ ಹೇಳ್ಕೊಟ್ಟಿದ್ದಲ್ವಾ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ತಾಯಿ ಇಳಿಯುವ ತನಕ ಜೀವ ತೆಗೆಯುವಂತಿಲ್ಲ. ಅದು ಅಸ್ಮುಂಡನದೇ ಕಟ್ಟಳೆ. "ಎಲೆ ಉದುರಲಿ, ಆಮೇಲೆ ನೋಡ್ತೀನಿ," ಎಂದು ಹಲ್ಲು ಕಡಿದು ಹೊರಟ. ಯೋರುನ್ ಕೊಡವನ್ನು ಕೆಳಗಿಟ್ಟು, ಬೆರಾಳ ಹೆಗಲಿಗೆ ತಲೆಯಿಟ್ಟಳು.

ಕೊಯ್ಲಿನ ಹೊತ್ತಿಗೆ ಊರಿಗೆ ಪೇಚಾಟ. ತಾಯಿ ಇನ್ನೂ ಇಳಿದಿರಲಿಲ್ಲ, ಕುಡುಗೋಲೂ ಪೆಟ್ಟಿಗೆಯಲ್ಲಿತ್ತಲ್ಲ! "ಕೂದಲು ಮಾಗಿದಾಗ ಕೊಯ್ಸ್ಕೊಳ್ಳೋಕೆ ಸಿಫ್ ಏನೂ ಅನ್ನಲ್ಲ ಬಿಡ್ರಪ್ಪ. ಕುಡುಗೋಲು ತೆಗೀರಿ, ಕತ್ತಿ ಅಲ್ಲೇ ತುಕ್ಕು ಹಿಡೀಲಿ," ಎಂದಳು ಬೆರಾ. ಹಾಗೇ ಆಯಿತು.

ಎಲೆಯೇನೋ ಉದುರಿತು. ಅಸ್ಮುಂಡ್ ಓಡೋಡಿ ಬಂದು ಮೂಕಿಯನ್ನು ಜಗ್ಗಿದ. ಅದು ಅಲುಗಲಿಲ್ಲ, ಬೇರು ಬಿಟ್ಟಿತ್ತು. ಬೇರು ಬಿಟ್ಟು ಕೂತವಳನ್ನು ಇಳಿದಳೆಂದು ಸಾರಲು ಅವನಿಂದ ಆಗಲಿಲ್ಲ. ಮುಂದಿನ ವಸಂತಕ್ಕೆ ಮತ್ತೆ ಚಿಗುರಿತು. ಅದರ ಮುಂದಿನದಕ್ಕೂ.

ನಾನು ಮತ್ತೆ ಊರು ಸುತ್ತಲಿಲ್ಲ. ಈಗ ಮುದಿಯಾಗಿದ್ದೇನೆ. ಗಾಲಿಗಳು ಪಾಚಿಯಲ್ಲಿ ಹೂತಿವೆ, ಹಲಗೆಗಳಲ್ಲಿ ಇರುವೆಗಳ ಸಂಸಾರ. ಬಟ್ಟೆ ಕೊಳೆತು, ಆ ಹಿಡಿ ಮಣ್ಣು ಮಣ್ಣಿಗೆ ಸೇರಿತು. ಮೂಕಿ ದೊಡ್ಡ ಮರವಾಗಿ ನನಗೇ ನೆರಳು ಕೊಡುತ್ತಿದೆ. ಊರು ಸುತ್ತಿಸಿದರೇ ತಾಯಿ ಬರುತ್ತಾಳೆಂದು ನಾನೂ ನಂಬಿದ್ದೆ. ಅವಳು ಮೊದಲೇ ಅಲ್ಲೆಲ್ಲ ಇದ್ದಳು.

ಯೋರುನ್‌ಗೆ ಈಗ ಮೊಮ್ಮಕ್ಕಳು. ಹೆಂಗಸರೊಡನೆ ಈ ಕೊಳಕ್ಕೆ ಬಟ್ಟೆ ಒಗೆಯಲು ಬರುತ್ತಾಳೆ. ಒಗೆದದ್ದನ್ನು ನನ್ನ ಮೇಲೆ ಹರವಿ, ಹರಟೆ ಹೊಡೆದು, ಒಣಗಿದ ಮೇಲೆ ಮಡಚಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಬಂದವರೆಲ್ಲರೂ.